ಸೀನಬೇಡ, ಕೆಮ್ಮಬೇಡ, ಅಲುಗಾಡಬೇಡ

ಅಮ್ಮನ ಕಣ್ಣಿನ ಪೊರೆ ಆಪರೇಶನ್ ಬೆಳಗ್ಗೆ ಆಯ್ತು, ಮಧ್ಯಾಹ್ನ ಊಟಕ್ಕೆ ಮನೆಗೆ ಕರ್ಕೊಂಡು ಬಂದೆ. ಸಂಜೆ ಊರಿಂದ ಅಜ್ಜಿಯ ಫೋನು: "ಮಲಗಿಸಿದ್ದೀಯ ತಾನೆ? ಏಳೋಕೆ ಬಿಡಬೇಡ ಮಗಾ, ಸೀನೋಕೂ ಬಿಡಬೇಡ." ನನಗೆ ನಗು ಬಂತು. ಆಮೇಲೆ ಹುಡುಕಿ ಓದಿದರೆ, ಅಜ್ಜಿಯ ಮಾತು ಸುಶ್ರುತ ಸಂಹಿತೆಯಲ್ಲೇ ಇದೆ!

ಅಲ್ಲಿನ ಉತ್ತರತಂತ್ರದಲ್ಲಿ ಪೊರೆಯ ಚಿಕಿತ್ಸೆ ಬರುತ್ತದೆ. ಶಲಾಕೆ ಎಂಬ ಕಡ್ಡಿಯಂಥ ಉಪಕರಣದ ಕೆಲಸ ಮುಗಿದ ಮೇಲೆ ಕಣ್ಣಿಗೆ ತುಪ್ಪ ಹಚ್ಚಿ, ಬಟ್ಟೆ ಕಟ್ಟಿ, ಧೂಳು ಹೊಗೆ ಇಲ್ಲದ ಮನೆಯಲ್ಲಿ ಅಂಗಾತ ಮಲಗಿಸಬೇಕು. ತೇಗು, ಕೆಮ್ಮು, ಸೀನು, ಉಗುಳುವುದು ಕೂಡದು. ಆ ಕಾಲದ ಪದ್ಧತಿಯಲ್ಲಿ ಪೊರೆಯನ್ನು ಹೊರಗೆ ತೆಗೆಯುತ್ತಿರಲಿಲ್ಲ, ದೃಷ್ಟಿಗೆ ಅಡ್ಡ ಬರದಂತೆ ಒಳಗೇ ಕೆಳಕ್ಕೆ ತಳ್ಳುತ್ತಿದ್ದರು ಅನ್ನೋದು ಹೆಚ್ಚಿನವರ ಅಭಿಪ್ರಾಯ. ಹಾಗಿದ್ದರೆ ಒಂದು ಜೋರಾದ ಸೀನಿಗೆ ಎಲ್ಲ ಕೆಟ್ಟುಹೋಗಬಹುದಿತ್ತು. ಭಯ ಸುಮ್ಮನೆ ಹುಟ್ಟಿದ್ದಲ್ಲ.

ಫ್ರಾನ್ಸಿನ ಜಾಕ್ ದಾವಿಯೆಲ್ 1747ರಲ್ಲಿ ಕಣ್ಣನ್ನು ಕೊಯ್ದು ಪೊರೆಯನ್ನೇ ಹೊರಗೆ ತೆಗೆದ. ಕೊಯ್ತ ದೊಡ್ಡದು, ಹೊಲಿಗೆ ಇಲ್ಲ. ಗಾಯ ತಾನಾಗಿ ಕೂಡಿಕೊಳ್ಳುವವರೆಗೆ ರೋಗಿ ಅಲುಗಾಡುವಂತಿಲ್ಲ. ಚಿತ್ರಕಾರ ಕ್ಲೋದ್ ಮೊನೆ 1923ರಲ್ಲಿ, 82ನೇ ವಯಸ್ಸಿನಲ್ಲಿ ಆಪರೇಶನ್ ಮಾಡಿಸಿಕೊಂಡಾಗಲೂ ತಲೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟು, ಕಣ್ಣು ಕಟ್ಟಿ ಮಲಗಿಸಿದ್ದರು. ಆ ಮನುಷ್ಯ ಸುಮ್ಮನಿರೋ ಗಿರಾಕಿಯಲ್ಲ, ಪಟ್ಟಿ ಕಿತ್ತುಹಾಕಲು ಹೊರಟಿದ್ದ. (ಬಣ್ಣವೇ ಬದುಕಾಗಿದ್ದವನನ್ನು ಕತ್ತಲಲ್ಲಿ ಮಲಗಿಸಿದರೆ ಇನ್ನೇನು ಮಾಡ್ತಾನೆ?)

ನಮ್ಮಲ್ಲಿ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಉಚಿತ ಶಿಬಿರ ನಡೆಸಿದರು. ಬೆಂಗಳೂರಿನ ಮೋದಿ ಆಸ್ಪತ್ರೆ ರಸ್ತೆಯ ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡವರಿಗೆ ಹೆಸರಾದರೂ ಗೊತ್ತಿರುತ್ತೆ. ಅಜ್ಜಿಯ ಅತ್ತೆಗೆ ಆಪರೇಶನ್ ಆಗಿದ್ದು ಅಂಥದ್ದೇ ಒಂದು ಶಿಬಿರದಲ್ಲಿ. ಕಣ್ಣಿಗೆ ಪಟ್ಟಿ ಕಟ್ಟಿ ಸಾಲಾಗಿ ಮಲಗಿಸಿದ್ದರಂತೆ, ಕೊನೆಗೆ ಸೋಡಾ ಗ್ಲಾಸಿನಂಥ ಕನ್ನಡಕ. ಕಣ್ಣೊಳಗೇ ಕೂರಿಸುವ ಲೆನ್ಸನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ಹಾಕಿದ್ದರೂ, ಅದು ನಮ್ಮ ಹಳ್ಳಿಗಳಿಗೆ ಬರಲು ದಶಕಗಳೇ ಹಿಡಿದವು.

ಮಲಗುವ ಶಿಕ್ಷೆ ತಪ್ಪಿಸಿದ ಹಾದಿ ಶುರುವಾದದ್ದು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ. ಹಲ್ಲು ಶುಚಿಮಾಡುವ ಅಲ್ಟ್ರಾಸೌಂಡ್ ಉಪಕರಣ ನೋಡಿ, ಇದರಿಂದಲೇ ಪೊರೆಯನ್ನೂ ಪುಡಿಮಾಡಿ ಹೀರಬಹುದಲ್ಲ ಅಂತ ಅಮೆರಿಕದ ಚಾರ್ಲ್ಸ್ ಕೆಲ್ಮನ್‌ಗೆ ಹೊಳೆಯಿತು. 1967ರಲ್ಲಿ ಮಾಡಿ ತೋರಿಸಿದ. ಈಗಿನ ಕೊಯ್ತ ಸಾಮಾನ್ಯವಾಗಿ 2-3 ಮಿಲಿಮೀಟರ್, ಹೊಲಿಗೆ ಬೇಕಾಗುವುದೇ ಅಪರೂಪ. ಅಮ್ಮ ಓಡಾಡಬಹುದು, ಟಿವಿ ನೋಡಬಹುದು, ಸೀನು ಬಂದರೆ ಸೀನಲೂಬಹುದು.

ಆದರೆ ನಮ್ಮ ತಲೆಮಾರಿನವರು ಇನ್ನೊಂದು ತುದಿಗೆ ಹೋಗಿದ್ದೇವೆ. "ಇಪ್ಪತ್ತು ನಿಮಿಷದ ಕೆಲಸ" ಅಂತ ಒಂದು ದಿನ ರಜೆ ಹಾಕಿ, ಡ್ರಾಪ್ಸ್ ಬಾಟಲಿ ಕೈಗಿಟ್ಟು ಲಾಗಿನ್ ಆಗಿಬಿಡ್ತೀವಿ. ಕೊಯ್ತ ಕಿರಿದಾದರೂ ಸೋಂಕು ಒಳಹೊಕ್ಕರೆ ಕಣ್ಣೇ ಹೋಗಬಹುದು. ಸುಶ್ರುತ ಹೇಳಿದ ಧೂಳು-ಹೊಗೆಯ ಮಾತು ಹಳತಾಗಿಲ್ಲ. ಕೈ ತೊಳೆದೇ ಡ್ರಾಪ್ಸ್ ಹಾಕಬೇಕು, ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ಕಣ್ಣು ಉಜ್ಜಬಾರದು, ನಲ್ಲಿ ನೀರು ಬೀಳಬಾರದು, ರಾತ್ರಿ ಕಣ್ಣಿನ ಕವಚ ತೆಗೆಯಬಾರದು. ಎಷ್ಟು ದಿನ ಅನ್ನೋದನ್ನ ಡಾಕ್ಟರೇ ಹೇಳ್ತಾರೆ. ಮೊದಲ ದಿನದ ಚುಚ್ಚುವಿಕೆ, ನೀರು ಸುರಿಯುವುದು ಸಹಜ. ನೋವು, ಕೆಂಪು ಹೆಚ್ಚುತ್ತಾ ಹೋದರೆ, ನಿನ್ನೆ ಕಂಡದ್ದು ಇವತ್ತು ಮಬ್ಬಾದರೆ, ಭಾನುವಾರವಾದರೂ ಸರಿ, ಮೀಟಿಂಗ್ ಇದ್ದರೂ ಸರಿ, ಆಗಲೇ ಆಸ್ಪತ್ರೆಗೆ ಹೊರಡಬೇಕು.