ಮರೆಯಿಂದ ಬಂದ ಬಾಣ: ಧರ್ಮದ ಗುರಿ, ಅಧರ್ಮದ ದಾರಿ

ಪತ್ತನಾಜೆ ಕಳೆದು ಕರಾವಳಿಯ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಯಕ್ಷಗಾನ ಕಲಾವಿದರಲ್ಲಿ ಹಲವರು ಮುಂಬಯಿಯ ದಾರಿ ಹಿಡಿಯುತ್ತಾರೆ. ಮಳೆಗಾಲದ ಆ ದಿನಗಳಲ್ಲಿ ಅಂಧೇರಿ, ಗೋರೆಗಾಂವ್, ಮಲಾಡ್, ಬೊರಿವಲಿಯ ತುಳು-ಕನ್ನಡಿಗರಿಗೆ ತಾಳಮದ್ದಳೆಯ ಸುಗ್ಗಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಚೆಂಡೆ-ಮದ್ದಳೆ, ಎದುರುಬದುರು ಕುಳಿತ ಅರ್ಥಧಾರಿಗಳು, ಇಷ್ಟೇ. ಪ್ರಸಂಗ 'ವಾಲಿವಧೆ'ಯಾದರೆ ಬಾಣ ನೆಟ್ಟ ಎದೆಯ ವಾಲಿ ರಾಮನನ್ನು ಪ್ರಶ್ನಿಸಲು ತೊಡಗುತ್ತಾನೆ. ರಾಮನಿಗೆ ಕೈಮುಗಿಯುವ ಜನರೇ ಕಿವಿಯಾನಿಸಿ ಅವನ ಮೇಲಿನ ಆರೋಪಪಟ್ಟಿಯನ್ನು ಕೇಳುತ್ತಾರೆ.

ಮುಂಬಯಿ ಕನ್ನಡಿಗರಿಗೆ ಈ ರೂಢಿ ಹೊಸದಲ್ಲ. ಅಂಧೇರಿಯಲ್ಲಿ ನೆಲೆಯಿರುವ ಮೊಗವೀರರ ಶ್ರೀಮದ್ ಭಾರತ ಮಂಡಳಿ ಹುಟ್ಟಿದ್ದು 1878ರಲ್ಲಿ. ಹೆಸರೇ ಹೇಳುವಂತೆ ಭಾರತದ ಓದು ಅದರ ಬೇರು. ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು: ಊರು ಬಿಟ್ಟು ಬಂದವರು ಹೊತ್ತು ತಂದ ಪದ್ಧತಿಯಿದು. ಅರ್ಥ ಹೇಳುವವನಿಗೆ ತಪ್ಪಿಸಿಕೊಳ್ಳಲಾಗದ ಪ್ರಶ್ನೆಯೊಂದು ಆ ಓದಿನಲ್ಲೇ ಇದೆ. ಗುರಿ ಧರ್ಮದ್ದಾದರೆ ದಾರಿ ಅಧರ್ಮದ್ದಾಗಬಹುದೇ? ಭಕ್ತಿಪರಂಪರೆ ಇದಕ್ಕೆ ಒಂದೇ ಉತ್ತರ ಕೊಟ್ಟಿಲ್ಲ. ಕೊಟ್ಟ ಉತ್ತರಗಳ ನಡುವೆ ಆಕ್ಷೇಪದ ದನಿಯನ್ನು ಮಾತ್ರ ಎಂದೂ ಅಡಗಿಸಿಲ್ಲ.

ವಾಲ್ಮೀಕಿಯಿಂದಲೇ ಶುರುಮಾಡಬೇಕು. ಕಿಷ್ಕಿಂಧಾಕಾಂಡದ 17ನೆಯ ಸರ್ಗ ವಾಲಿಯದು. ಬೇರೊಬ್ಬನೊಡನೆ ಹೋರಾಡುತ್ತಿದ್ದವನನ್ನು ಎದುರು ನಿಲ್ಲದೆ ಹೊಡೆದೆ. ನಿನ್ನ ನಾಡಿಗೆ ನಾನು ಕೇಡು ಮಾಡಿರಲಿಲ್ಲ. ಸೀತೆ ಬೇಕೆಂದಿದ್ದರೆ ರಾವಣನನ್ನು ಕಟ್ಟಿ ತಂದು ಒಪ್ಪಿಸುತ್ತಿದ್ದೆ ಎನ್ನುತ್ತಾನೆ ಅವನು. 18ನೆಯ ಸರ್ಗದಲ್ಲಿ ರಾಮನ ಉತ್ತರ: ಈ ಭೂಮಿ ಇಕ್ಷ್ವಾಕುಗಳದ್ದು, ಆಳುವವನು ಭರತ, ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡವನಿಗೆ ಮರಣವೇ ದಂಡನೆ, ಸುಗ್ರೀವನಿಗೆ ಕೊಟ್ಟ ಮಾತಿದೆ, ಮೇಲಾಗಿ ನೀನು ಮೃಗ, ಮೃಗವನ್ನು ಮರೆಯಲ್ಲಿ ನಿಂತು ಬೇಟೆಯಾಡುವುದು ತಪ್ಪಲ್ಲ. ಈ ಕೊನೆಯ ಮಾತು ಮೊದಲಿನದರ ಕಾಲನ್ನೇ ಎಳೆಯುತ್ತದೆ. ವಾಲಿ ಮೃಗವಾದರೆ ರುಮೆಯ ವಿಷಯದಲ್ಲಿ ಅವನಿಗೆ ಮನುಷ್ಯರ ಧರ್ಮಶಾಸ್ತ್ರವೇಕೆ? ಶಾಸ್ತ್ರಕ್ಕೆ ಒಳಪಟ್ಟವನಾದರೆ ಅವನನ್ನು ಬೇಟೆಯಾಡಿದ್ದೇಕೆ? ನುರಿತ ಅರ್ಥಧಾರಿ ಕಾಯುವುದು ಈ ಬಿರುಕಿಗಾಗಿಯೇ. ಕಾಸರಗೋಡಿನ ನೆಲದಿಂದ ಬಂದ ಶೇಣಿ ಗೋಪಾಲಕೃಷ್ಣ ಭಟ್ (1918–2006) ವಾಲಿಯ ಅರ್ಥಕ್ಕೆ ಹೆಸರಾಗಿದ್ದರು. ಇದೇ ನೆಲದ ಕುಂಬಳೆಯ ಪಾರ್ತಿಸುಬ್ಬ ರಾಮಾಯಣವನ್ನು ಯಕ್ಷಗಾನ ಪ್ರಸಂಗಗಳಾಗಿ ಕಟ್ಟಿದವನು.

ಮಹಾಭಾರತದಲ್ಲಿ ತೊಡಕು ಇನ್ನೂ ದೊಡ್ಡದು. ದ್ರೋಣನಿಗೆ ಹೇಳಿದ ಅರ್ಧಸತ್ಯ, ರಥದ ಗಾಲಿ ಎತ್ತುತ್ತಿದ್ದ ಕರ್ಣನ ಮೇಲೆ ಬಿಟ್ಟ ಬಾಣ, ಸೊಂಟದ ಕೆಳಗೆ ಬಿದ್ದ ಭೀಮನ ಗದೆ: ಮೂರರ ಹಿಂದೆಯೂ ಕೃಷ್ಣನಿದ್ದಾನೆ. ತೊಡೆ ಮುರಿದು ಬಿದ್ದ ದುರ್ಯೋಧನ ಈ ಕಪಟಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಮೂಲದಲ್ಲಿ ಆಗ ಹೂಮಳೆ ಸುರಿಯುವುದು ಅವನ ಮೇಲೆ, ಪಾಂಡವರು ನಾಚುತ್ತಾರೆ. ನೇರ ಯುದ್ಧದಲ್ಲಿ ಕೌರವ ವೀರರನ್ನು ಗೆಲ್ಲಲು ಸಾಧ್ಯವಿರಲಿಲ್ಲ ಎಂದು ಕೃಷ್ಣ ಬಿಚ್ಚಿಯೇ ಹೇಳುತ್ತಾನೆ. ಹತ್ತನೆಯ ಶತಮಾನದ ರನ್ನನ 'ಗದಾಯುದ್ಧ'ದಲ್ಲಿ ಕವಿಯ ನಾಯಕ ಭೀಮ. ಓದಿದವರ ಎದೆಯಲ್ಲಿ ಉಳಿಯುವವನು ಮಾತ್ರ ಸೋತ ದುರ್ಯೋಧನ.

ಇಲ್ಲಿ ಒಂದು ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಸುಳ್ಳಾಡಿದ ಗಳಿಗೆಯಲ್ಲಿ ನೆಲದಿಂದ ನಾಲ್ಕಂಗುಲ ಮೇಲೆ ಓಡುತ್ತಿದ್ದ ಧರ್ಮರಾಯನ ರಥ ನೆಲಕ್ಕಿಳಿಯುತ್ತದೆ. ಕಡೆಗೆ ಸ್ವರ್ಗಾರೋಹಣ ಪರ್ವದಲ್ಲಿ ಅವನು ನರಕವನ್ನು ಕಣ್ಣಾರೆ ಕಾಣಬೇಕಾಗುತ್ತದೆ. ದ್ರೋಣನನ್ನು ನೆಪ ಹೂಡಿ ವಂಚಿಸಿದ್ದಕ್ಕೆ ನೆಪಮಾತ್ರದ ನರಕ ಎಂದು ಇಂದ್ರನೇ ಕಾರಣ ಹೇಳುತ್ತಾನೆ. ಧರ್ಮ ಗೆದ್ದಿತು ಎಂದ ಮಾತ್ರಕ್ಕೆ ಲೆಕ್ಕ ಮಾಫಿಯಾಗಲಿಲ್ಲ. ಆದರೆ ಕನ್ನಡಿಗರು ಹೆಚ್ಚಾಗಿ ಓದಿಸಿ ಕೇಳಿದ ಗದುಗಿನ ಭಾರತ ಹತ್ತು ಪರ್ವಗಳದ್ದು, ಗದಾಪರ್ವಕ್ಕೆ ಮುಗಿಯುತ್ತದೆ. ಕುಮಾರವ್ಯಾಸನಿಗೆ ಭಾರತವೆಂದರೆ ಕೃಷ್ಣಕಥೆ. ಕೃಷ್ಣನ ಕೆಲಸ ಮುಗಿದಲ್ಲಿ ಅವನ ಕಾವ್ಯವೂ ನಿಲ್ಲುತ್ತದೆ. ಉಳಿದ ಪರ್ವಗಳನ್ನು ಹಾಡಿದವನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ. ಗದುಗಿನ ಭಾರತದಷ್ಟು ಅವನ ಕಾವ್ಯ ಮನೆಮನೆಗೆ ತಲುಪಲಿಲ್ಲ. ಕಪಟದ ಕಥೆ ಹೀಗೆ ಎಲ್ಲರ ಕಿವಿಗೂ ಬಿತ್ತು, ಕಪಟಕ್ಕೆ ತೆತ್ತ ಬೆಲೆಯ ಕಥೆ ಹಿಂದೆ ಬಿತ್ತು. ಆ ಕೊರತೆಯನ್ನು ತುಂಬಿದ್ದು ತಾಳಮದ್ದಳೆಯ ಕರ್ಣ-ಕೌರವರ ಬಾಯಿ ಎಂದರೆ ತಪ್ಪಾಗದು.

ಉಡುಪಿಯ ಮಧ್ವಾಚಾರ್ಯರು ಬೇರೆಯೇ ದಾರಿ ತೋರಿದರು. 32 ಅಧ್ಯಾಯಗಳ 'ಮಹಾಭಾರತ ತಾತ್ಪರ್ಯ ನಿರ್ಣಯ'ದಲ್ಲಿ ಪಾಂಡವರಲ್ಲಿ ಅಗ್ರಸ್ಥಾನ ಭೀಮನಿಗೆ. ಹರಿಯ ಇಚ್ಛೆಗೆ ತಲೆಬಾಗಿ ಮಾಡಿದ್ದೇ ಧರ್ಮ, ಅದನ್ನು ಅಳೆಯಲು ಹೊರಗಿನ ಬೇರೆ ಅಳತೆಗೋಲಿಲ್ಲ. ತರ್ಕ ಗಟ್ಟಿಯಾದದ್ದೇ. ಆದರೆ ಹರಿಯ ಇಚ್ಛೆ ಇದೇ ಎಂದು ನಿಶ್ಚಯಿಸುವವರು ಯಾರು ಎಂಬಲ್ಲಿ ಸಾಮಾನ್ಯ ಭಕ್ತನ ಕಷ್ಟ ಮೊದಲಾಗುತ್ತದೆ.

ಶಿವಭಕ್ತಿಯ ಕಥೆಗಳಲ್ಲಿ ಪ್ರಶ್ನೆ ರಣರಂಗದಿಂದ ಅಡುಗೆಮನೆಗೆ ಬರುತ್ತದೆ. ತಮಿಳಿನ ಪೆರಿಯಪುರಾಣದ ಮೂರ್ಖ ನಾಯನಾರ್ ಜೂಜಾಡಿ ಗೆದ್ದ ಹಣದಿಂದ ಶಿವಭಕ್ತರಿಗೆ ಉಣಬಡಿಸುತ್ತಾನೆ. ಸೋತವನು ಹಣ ಕೊಡದಿದ್ದರೆ ಚೂರಿ ಹಿರಿಯುತ್ತಾನೆ. ವೈಷ್ಣವರ ತಿರುಮಂಗೈ ಆಳ್ವಾರರು ದಾರಿಹೋಕರನ್ನು ದೋಚಿ ಭಕ್ತರಿಗೆ ಅನ್ನವಿಕ್ಕಿದರೆಂಬ ಕಥೆಯೂ ಇದರ ಜೊತೆಯದು. ಇಬ್ಬರೂ ಪೂಜ್ಯರೇ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮ ಇದಕ್ಕೆ ಒಪ್ಪಲಿಲ್ಲ. ಗಂಡ ಮಾರಯ್ಯನ ಕಾಯಕ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಆ ಅಕ್ಕಿಯಿಂದಲೇ ದಾಸೋಹ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಕದ್ದದ್ದಲ್ಲ, ಬೇಡಿದ್ದಲ್ಲ, ಉದ್ದೇಶವೂ ಜಂಗಮರ ಊಟವೇ. ಆದರೂ ಲಕ್ಕಮ್ಮ, ಹೆಚ್ಚಿನದ್ದು ಆಸೆಯಿಂದ ಬಂದದ್ದು, ಅಲ್ಲಿಯೇ ಸುರಿದು ಬಾ ಎಂದಳು. ಒಂದು ಹಿಡಿ ಅಕ್ಕಿಯ ಮೇಲೆ ಇಷ್ಟು ಕಟ್ಟುನಿಟ್ಟಿನ ತೀರ್ಪು ಭಾರತೀಯ ಭಕ್ತಿಸಾಹಿತ್ಯದಲ್ಲಿ ಅಪರೂಪ. ಬಸವಣ್ಣನ ಮೇಲೂ ಇದೇ ಬಗೆಯ ದೂರು ಬಂದಿತ್ತು: ಬಿಜ್ಜಳನ ಭಂಡಾರದ ಹಣವನ್ನು ಜಂಗಮರಿಗೆ ವೆಚ್ಚ ಮಾಡಿದನೆಂದು. ಎಣಿಸಿ ನೋಡಿದಾಗ ಭಂಡಾರ ತುಂಬಿತ್ತು ಎನ್ನುತ್ತದೆ ಬಸವಪುರಾಣದ ಪರಂಪರೆ. ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಗುರಿ ದೊಡ್ಡದೆಂಬ ಸಮಾಧಾನ ಸಾಕಾಗಿದ್ದರೆ ಪುರಾಣಕಾರನಿಗೆ ಭಂಡಾರ ಎಣಿಸುವ ಗೊಡವೆಯೇ ಬೇಕಿರಲಿಲ್ಲ.

ಈ ಚರ್ಚೆ ಮುಂಬಯಿಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. 1659ರಲ್ಲಿ ಬಿಜಾಪುರದ ಸೇನಾನಿ ಅಫ್ಜಲ್ ಖಾನನನ್ನು ಶಿವಾಜಿ ಕೊಂದದ್ದು ಸರಿಯೇ ಎಂಬ ಪ್ರಶ್ನೆಗೆ 1897ರ ಜೂನ್‌ನಲ್ಲಿ ಪುಣೆಯ ಶಿವಾಜಿ ಉತ್ಸವದಲ್ಲಿ ತಿಲಕರು ಗೀತೆಯನ್ನೇ ಮುಂದಿಟ್ಟರು: ಫಲಾಪೇಕ್ಷೆಯಿಲ್ಲದ ಕೊಲೆ ಪಾಪವಲ್ಲ, ಮಹಾಪುರುಷರು ಸಾಮಾನ್ಯ ನೀತಿಯ ಕಟ್ಟನ್ನು ಮೀರಿದವರು ಎಂದು. ಆ ವರ್ಷ 'ಕೇಸರಿ'ಯ ಬರಹಗಳಿಗಾಗಿ ಮುಂಬಯಿ ಹೈಕೋರ್ಟಿನಲ್ಲಿ ರಾಜದ್ರೋಹದ ಮೊಕದ್ದಮೆ ನಡೆದು ಅವರಿಗೆ 18 ತಿಂಗಳ ಶಿಕ್ಷೆಯಾಯಿತು. ಮುಂದೆ ಮಂಡಾಲೆಯ ಸೆರೆಮನೆಯಲ್ಲಿ ಬರೆದ ಅವರ 'ಗೀತಾರಹಸ್ಯ'ವನ್ನು ಕನ್ನಡಕ್ಕೆ ತಂದವರು ಆಲೂರ ವೆಂಕಟರಾಯರು. 1909ರ 'ಹಿಂದ್ ಸ್ವರಾಜ್'ನಲ್ಲಿ ಗಾಂಧೀಜಿ ಸಾಧನವನ್ನು ಬೀಜಕ್ಕೂ ಗುರಿಯನ್ನು ಮರಕ್ಕೂ ಹೋಲಿಸಿದ್ದರು. ಇಬ್ಬರೂ ಗೀತೆಯನ್ನು ನೆಚ್ಚಿದವರೇ. ಗಾಂಧೀಜಿಯ ಮಾತು ಲಕ್ಕಮ್ಮನ ಅಂಗಳದ ಕಡೆಯದು.

ಕುವೆಂಪು 'ಶ್ರೀರಾಮಾಯಣ ದರ್ಶನಂ' (1949) ಬರೆಯುವಾಗ ಹಳೆಯ ಸಮರ್ಥನೆಗಳನ್ನು ಬದಿಗಿಟ್ಟರು. ಅವರ ರಾಮ ವಾಲಿಯ ಮುಂದೆ ವಾದ ಗೆಲ್ಲಲು ನಿಲ್ಲುವುದಿಲ್ಲ. ತನ್ನ ತಪ್ಪಿಗೆ ಪಶ್ಚಾತ್ತಾಪ ಪಡುತ್ತಾನೆ. ಅದರಿಂದ ರಾಮ ಸಣ್ಣವನಾಗಲಿಲ್ಲ. ಭಕ್ತನ ಮನಸ್ಸಿನಲ್ಲಿ ಶತಮಾನಗಳಿಂದ ಚುಚ್ಚುತ್ತಿದ್ದ ಮುಳ್ಳನ್ನು ಅವನೇ ಬಾಗಿ ಕಿತ್ತಂತಾಯಿತು.

ತಾಳಮದ್ದಳೆಯಲ್ಲಿ ಅಷ್ಟು ಸುಲಭಕ್ಕೆ ಬಿಡುಗಡೆಯಿಲ್ಲ. ಎಷ್ಟೇ ತರ್ಕ ಹೂಡಿದರೂ ಪ್ರಸಂಗದ ನಡೆ ಬದಲಾಗದು. ವಾಲಿ ಕೊನೆಗೆ ಮಗ ಅಂಗದನನ್ನು ರಾಮನ ಕೈಗೊಪ್ಪಿಸಿ ಕಣ್ಣು ಮುಚ್ಚುತ್ತಾನೆ, ಭಾಗವತರು ಮಂಗಳ ಹಾಡುತ್ತಾರೆ. ಸಭೆ ಎದ್ದು ಸ್ಟೇಷನ್ನಿನತ್ತ ನಡೆಯುವಾಗಲೂ ಮಾತು ನಿಲ್ಲುವುದಿಲ್ಲ: ರುಮೆಯ ಮಾತಿಗೆ ವಾಲಿ ಇನ್ನೇನು ಹೇಳಬಹುದಿತ್ತು, ಬೇಟೆಯ ಮಾತನ್ನು ರಾಮ ಎತ್ತಬೇಕಿತ್ತೇ ಎಂದು. ಮುಂದಿನ ಕೂಟದಲ್ಲಿ ಅದೇ ಪ್ರಸಂಗ ಬಂದರೆ, ಈ ಸಲ ವಾಲಿಯಾಗಿ ಕೇಳಿದವರೇ ರಾಮನಾಗಿ ಕುಳಿತು ಉತ್ತರ ಹೇಳಬೇಕಾಗಿ ಬರಬಹುದು.