ಬಿರುದು ಇಳಿಯದ ದಾರಿ: ರಿಚರ್ಡ್ ವೆಲ್ಲೆಸ್ಲಿಯ ಬಂಧುಸಂಬಂಧಗಳು

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದ ರಿಚರ್ಡ್ ಇನ್ನೂ ಮಾರ್ನಿಂಗ್‌ಟನ್ನಿನ ಅರ್ಲ್. ಮಾರ್ಕ್ವಿಸ್ ವೆಲ್ಲೆಸ್ಲಿ ಎಂಬ ಪದವಿ ಬಂದದ್ದು ಆ ಗೆಲುವಿನ ಫಲವಾಗಿ. ಆಂಗ್ಲೋ-ಐರಿಷ್ ಕುಲೀನನಾದ ಈತನ ವಂಶಾವಳಿಯನ್ನು ಬಿರುದುಗಳ ಜಾಡು ಹಿಡಿದೇ ಬರೆಯುವುದು ವಾಡಿಕೆ. ಹಾಗೆ ಬರೆದರೆ ಮುಖ್ಯವಾದುದೇ ಕೈಬಿಟ್ಟುಹೋಗುತ್ತದೆ ಎಂಬುದು ನನ್ನ ವಾದ.

ಮನೆತನದ ಹೆಸರೇ ಆಸ್ತಿಯ ಜೊತೆಗೆ ಬಂದದ್ದು. ಅಜ್ಜ ರಿಚರ್ಡ್ ಕಾಲಿ 1728ರಲ್ಲಿ ಬಂಧು ಗ್ಯಾರೆಟ್ ವೆಸ್ಲಿಯ ಜಮೀನುಗಳಿಗೆ ವಾರಸುದಾರನಾಗಿ ವೆಸ್ಲಿ ಎಂಬ ಹೆಸರನ್ನೂ ತಳೆದ. ಮೊಮ್ಮಗನ ಕಾಲಕ್ಕೆ ಅದು ವೆಲ್ಲೆಸ್ಲಿ ಆಯಿತು. ತಂದೆ, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಸಂಗೀತದ ಪ್ರಾಧ್ಯಾಪಕನಾಗಿದ್ದ ಮೊದಲ ಅರ್ಲ್, 1781ರಲ್ಲಿ ತೀರಿಕೊಂಡಾಗ ಹಿರಿಮಗನ ಪಾಲಿಗೆ ಬಂದದ್ದು ಪದವಿ, ಸಾಲ ಮತ್ತು ತಮ್ಮಂದಿರ ಹೊಣೆ. ಓದು ಅರ್ಧಕ್ಕೇ ನಿಂತಿತು.

ಅವನ ಸಂಗಾತಿ ಹಯಾಸಿಂತ್ ರೋಲಾನ್ ಪ್ಯಾರಿಸ್ಸಿನ ನಟಿ. 1794ರ ನವೆಂಬರಿನಲ್ಲಿ ಮದುವೆಯಾಗುವ ಹೊತ್ತಿಗೆ ಅವರಿಗೆ ಐದು ಮಕ್ಕಳಿದ್ದರು. ಹುಟ್ಟಿದ ಮೇಲೆ ನಡೆದ ಮದುವೆಯಿಂದ ಮಕ್ಕಳು ಔರಸರಾಗುವುದನ್ನು ಅಂದಿನ ಇಂಗ್ಲಿಷ್ ಕಾನೂನು ಒಪ್ಪುತ್ತಿರಲಿಲ್ಲ. 1825ರಲ್ಲಿ ಮೇರಿಯಾನ್ ಪ್ಯಾಟರ್ಸನ್ ಎಂಬ ಅಮೆರಿಕದ ವಿಧವೆಯೊಡನೆ ಆದ ಎರಡನೆಯ ಮದುವೆಯಲ್ಲಿ ಮಕ್ಕಳಾಗಲಿಲ್ಲ. 1842ರಲ್ಲಿ ಅವನು ಸತ್ತಾಗ ಮಾರ್ಕ್ವಿಸ್ ಪದವಿ ಅಳಿಯಿತು. ಅರ್ಲ್ ಪದವಿ ತಮ್ಮ ವಿಲಿಯಂಗೆ ಹೋಯಿತು. ದೂರದ ಬಂಧುವಿನ ಹೆಸರು ಕಾಲಿ ಮನೆಗೆ ಸಲೀಸಾಗಿ ಬಂದಿತ್ತು, ಹೊಟ್ಟೆಯ ಮಕ್ಕಳಿಗೆ ಬಿರುದು ದಕ್ಕಲಿಲ್ಲ.

ಆದರೆ ಕರುಳಬಳ್ಳಿ ಹಬ್ಬಿದ್ದು ಇದೇ ಮಕ್ಕಳಿಂದ. ಮಗಳು ಆ್ಯನ್ ಮೊದಲ ಗಂಡ ಸರ್ ವಿಲಿಯಂ ಆಬ್ಡಿಯನ್ನು ತೊರೆದು, ವಿಚ್ಛೇದನವಾದ ಮೇಲೆ 1816ರಲ್ಲಿ ಲಾರ್ಡ್ ಚಾರ್ಲ್ಸ್ ಬೆಂಟಿಂಕನನ್ನು ಮದುವೆಯಾದಳು. ಅವರ ಮಗ ಪಾದ್ರಿ. ಆ ಪಾದ್ರಿಯ ಮಗಳು ಸಿಸಿಲಿಯಾಳ ಮಗಳೇ ರಾಣಿ ಎರಡನೇ ಎಲಿಜಬೆತ್‌ಳ ತಾಯಿ.

ನಮಗೆ ಇನ್ನೂ ಹತ್ತಿರದ್ದು ಈ ಮದುವೆಯಿಂದ ಕುದುರಿದ ಬೀಗತನ. ಅಳಿಯ ಚಾರ್ಲ್ಸನ ಅಣ್ಣ ಲಾರ್ಡ್ ವಿಲಿಯಂ ಬೆಂಟಿಂಕ್. ಶ್ರೀರಂಗಪಟ್ಟಣದ ಪತನಾನಂತರ ಮೈಸೂರಿನ ವ್ಯವಸ್ಥೆಗೆಂದು ವೆಲ್ಲೆಸ್ಲಿ ನೇಮಿಸಿದ ಐವರು ಕಮಿಷನರುಗಳಲ್ಲಿ ಅವನ ತಮ್ಮಂದಿರಾದ ಆರ್ಥರ್, ಹೆನ್ರಿ ಇಬ್ಬರೂ ಇದ್ದರು. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರೊಡನೆ ಆಗ ಆದ ಒಪ್ಪಂದದಲ್ಲಿ, ಅಗತ್ಯ ಕಂಡರೆ ಆಡಳಿತವನ್ನು ಕಂಪನಿಯೇ ವಹಿಸಿಕೊಳ್ಳಬಹುದೆಂಬ ಕಲಮು ಸೇರಿತ್ತು. 1831ರಲ್ಲಿ, ನಗರ ಸೀಮೆಯ ದಂಗೆಯ ಬೆನ್ನಿಗೇ, ಆ ಕಲಮನ್ನು ಮುಂದೊಡ್ಡಿ ಅರಸರ ಕೈಯಿಂದ ರಾಜ್ಯವನ್ನು ಕಿತ್ತುಕೊಂಡವನು ಆಗ ಗವರ್ನರ್ ಜನರಲ್ ಆಗಿದ್ದ ಇದೇ ವಿಲಿಯಂ ಬೆಂಟಿಂಕ್. ಒಡೆಯರ ಮನೆಗೆ ಅಧಿಕಾರ ಮರಳಿದ್ದು 1881ರಲ್ಲಿ.