ಕಾಲ್ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ಸಾಕೇ?

ಕೋವಿಡ್ ಹೊತ್ತಿನಲ್ಲಿ ತಂದ ಪಲ್ಸ್ ಆಕ್ಸಿಮೀಟರ್ ಇನ್ನೂ ಎಷ್ಟೋ ಮನೆಗಳಲ್ಲಿದೆ. ಶುಗರ್ ಇರುವವರ ಕಾಲಿನ ಹುಣ್ಣು ಮಾಯದಿದ್ದಾಗ ಅದನ್ನೇ ಕಾಲ್ಬೆರಳಿಗೆ ಸಿಕ್ಕಿಸಿ, 97 ಬಂತು ಅಂತ ಸುಮ್ಮನಾಗಬೇಡಿ.

ಜಪಾನಿನ ಎಂಜಿನಿಯರ್ ತಕುವೊ ಅಯೊಯಾಗಿ 1974ರಲ್ಲಿ ಮುಂದಿಟ್ಟ ಉಪಾಯ ಇದು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ 660 ನ್ಯಾನೊಮೀಟರಿನ ಕೆಂಪು ಬೆಳಕನ್ನು ಕಡಿಮೆ ಹೀರುತ್ತದೆ, 940ರ ಇನ್‌ಫ್ರಾರೆಡ್ ಬೆಳಕನ್ನು ಹೆಚ್ಚು. ಆಮ್ಲಜನಕ ಇಲ್ಲದ್ದು ತದ್ವಿರುದ್ಧ. ಯಂತ್ರ ಲೆಕ್ಕಕ್ಕೆ ಹಿಡಿಯೋದು ನಾಡಿಯೊಂದಿಗೆ ಏರಿಳಿಯುವ ಭಾಗವನ್ನು, ಅಂದರೆ ಅಪಧಮನಿಯ ರಕ್ತವನ್ನು ಮಾತ್ರ. ಆ ರಕ್ತದಲ್ಲಿ ಆಮ್ಲಜನಕ ಎಷ್ಟು ತುಂಬಿದೆ ಅಂತ ಹೇಳುತ್ತೆ. ರಕ್ತ ಎಷ್ಟು ಬರ್ತಿದೆ ಅಂತ ಹೇಳಲ್ಲ. ಟ್ಯಾಂಕರ್ ಭರ್ತಿಯಾಗೇ ಬರುತ್ತೆ, ಆದರೆ ವಾರಕ್ಕೊಂದೇ ಬಂದರೆ?

ಕಣಕಾಲಿನ ಬಿಪಿಯನ್ನು ತೋಳಿನದಕ್ಕೆ ಹೋಲಿಸುವ ಎಬಿಐ ಪರೀಕ್ಷೆಯೂ ಇಲ್ಲಿ ಮೋಸ ಮಾಡಬಹುದು. ಕ್ಯಾಲ್ಸಿಯಂ ಕಟ್ಟಿ ಗಡುಸಾದ ರಕ್ತನಾಳವನ್ನು ಬಿಪಿ ಪಟ್ಟಿ ಅದುಮಲಾರದು, ಅಂಕಿ ಚೆನ್ನಾಗೇ ಕಾಣುತ್ತೆ.

ನಿಯರ್-ಇನ್‌ಫ್ರಾರೆಡ್ ಸಾಧನಗಳ ದಾರಿ ಬೇರೆ. ಚರ್ಮದೊಳಗೆ ಚದುರಿ ವಾಪಸ್ ಬಂದ ಬೆಳಕನ್ನು ಅಳೆದು, ಲೋಮನಾಳಗಳೂ ಸೇರಿ ಅಂಗಾಂಶದಲ್ಲಿ ಆಮ್ಲಜನಕ ಎಷ್ಟಿದೆ ಎಂದು ತೋರಿಸುತ್ತವೆ. ಕ್ಯಾಮೆರಾ ಮಾದರಿಯದಾದರೆ ಹುಣ್ಣನ್ನು ಮುಟ್ಟದೆಯೇ ಪಾದದ ನಕ್ಷೆ ಸಿಗುತ್ತದೆ. ಆದರೆ ಮೆಲನಿನ್ ಕೂಡ ಬೆಳಕು ಹೀರುತ್ತದೆ, ಹಾಗಾಗಿ ನಮ್ಮಂಥ ಚರ್ಮದ ಮೇಲೆ ಪರೀಕ್ಷಿಸದ ಸಾಧನವನ್ನು ನಾನಂತೂ ನಂಬಲಾರೆ. ಸೋಂಕಿದ್ದರೆ ಆ ಜಾಗಕ್ಕೆ ರಕ್ತ ನುಗ್ಗಿ ಅಂಕಿ ಏರಲೂಬಹುದು.

ಆದ್ದರಿಂದ ಸದ್ಯಕ್ಕೆ ಕಾಲ್ಬೆರಳಿನ ರಕ್ತದೊತ್ತಡವನ್ನು ಅಳೆಯಲು ಕೇಳಿ. ಅಲ್ಲಿ ಕ್ಯಾಲ್ಸಿಯಂ ಕಾಟ ಕಡಿಮೆ. ಹುಣ್ಣಿರುವ ಕಾಲಲ್ಲಿ ಅದು 30ಕ್ಕಿಂತ ಕೆಳಗಿದ್ದರೆ ರಕ್ತನಾಳ ತಜ್ಞರ ಬಳಿ ತುರ್ತಾಗಿ ಹೋಗಬೇಕು, ಆಕ್ಸಿಮೀಟರ್ ಏನೇ ಹೇಳಲಿ.